ರಿಚರ್ಡ್ಸ್ ಟೌನಿನ ಮೋರಿಗೂ ಒಂದು ಕಡಲು

ಅಕ್ಟೋಬರ್ ತಿಂಗಳ ಸಂಜೆ. ರಿಚರ್ಡ್ಸ್ ಪಾರ್ಕಿನ ಹಳೆಯ ಮರಗಳ ಮೇಲೆ ಮಳೆ ಹುಯ್ಯತೊಡಗಿದರೆ ಹತ್ತೇ ನಿಮಿಷದಲ್ಲಿ ರಸ್ತೆ ಬದಿಯ ಮೋರಿಗಳು ತುಂಬಿ ಹರಿಯುತ್ತವೆ. ಉದುರಿದ ಎಲೆ, ಒಣಗಿದ ಕಡ್ಡಿ, ಚಿಪ್ಸ್ ಪೊಟ್ಟಣ, ಶ್ಯಾಂಪೂ ಸ್ಯಾಷೆ, ಹರಿದ ಪ್ಲಾಸ್ಟಿಕ್ ಕವರು ಎಲ್ಲವೂ ಒಟ್ಟಿಗೆ ಇಳಿಜಾರು ಹಿಡಿಯುತ್ತವೆ. ಮಳೆ ನಿಂತ ಮೇಲೆ ರಸ್ತೆ ತೊಳೆದಿಟ್ಟಂತೆ ಕಾಣುತ್ತದೆ. ಕಸ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಕಣ್ಣಿಗೆ ಮರೆಯಾದದ್ದು ಊರಿಗೂ ಮರೆಯಾಗುತ್ತದೆ.

ಆದರೆ ಆ ಕಸಕ್ಕೊಂದು ದಾರಿಯಿದೆ. ಬೆಂಗಳೂರಿಗೆ ನದಿಯಿಲ್ಲ, ಸಮುದ್ರವಂತೂ ಇಲ್ಲವೇ ಇಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಕಡಲ ಮಾಲಿನ್ಯವೆಂದರೆ ಮಂಗಳೂರಿನವರ, ಚೆನ್ನೈನವರ ಚಿಂತೆ ಎಂದು ಇಲ್ಲಿನವರು ಭಾವಿಸುವುದು ಸಹಜ. ನೀರಿನ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ರಿಚರ್ಡ್ಸ್ ಟೌನಿನ ಮೋರಿಗೆ ಬಿದ್ದ ಸ್ಯಾಷೆಗೆ ದಕ್ಷಿಣ ಪಿನಾಕಿನಿ ನದಿಯ ಮೂಲಕ ಬಂಗಾಳ ಕೊಲ್ಲಿಯವರೆಗೂ ಹಾದಿ ತೆರೆದಿದೆ. ಆ ಹಾದಿ ಹೇಗೆ ಹುಟ್ಟಿತು, ಅದರಲ್ಲಿ ಏನೇನು ಹರಿದುಹೋಯಿತು ಎಂಬುದನ್ನು ನೋಡಿದರೆ ಬೆಂಗಳೂರು ದಂಡು ಪ್ರದೇಶದ ಇನ್ನೂರು ವರ್ಷಗಳ ಚರಿತ್ರೆಯೇ ಕಣ್ಣಮುಂದೆ ಬರುತ್ತದೆ.

ಏರಿ, ತೂಬು, ಕೋಡಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತ ಊರು. ಇಲ್ಲಿ ಬಿದ್ದ ನೀರಿಗೆ ನಿಲ್ಲುವ ಅಭ್ಯಾಸವಿಲ್ಲ. ದಿಬ್ಬದ ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಯ ಪಾಲಾಗುತ್ತದೆ. ಪೂರ್ವದ ಇಳಿಜಾರಿನದು ಎರಡು ಕಣಿವೆಗಳಲ್ಲಿ ಹರಿಯುತ್ತದೆ. ಒಂದು ಹೆಬ್ಬಾಳ ಕಣಿವೆ. ಇನ್ನೊಂದು ಕೋರಮಂಗಲ-ಚಲ್ಲಘಟ್ಟ ಕಣಿವೆ. ಎರಡೂ ಕೊನೆಗೆ ಕೂಡುವುದು ನಂದಿ ಬೆಟ್ಟಗಳ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯನ್ನು. ತಮಿಳುನಾಡಿನಲ್ಲಿ ಇದೇ ನದಿಗೆ ಪೆಣ್ಣೈಯಾರ್ ಎಂದು ಹೆಸರು. ಕಾವೇರಿಯೂ ಪಿನಾಕಿನಿಯೂ ಬಂಗಾಳ ಕೊಲ್ಲಿಯನ್ನೇ ಸೇರುವುದರಿಂದ, ದಿಬ್ಬದ ಯಾವ ಕಡೆ ಮಳೆ ಬಿದ್ದರೂ ಬೆಂಗಳೂರಿನ ಕಡಲು ಒಂದೇ.

ಹೀಗೆ ಓಡುವ ನೀರನ್ನು ಹಿಡಿದು ನಿಲ್ಲಿಸಿದ್ದೇ ಹಿಂದಿನವರ ಜಾಣ್ಮೆ. ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿದರು. ಗದ್ದೆಗೆ ನೀರು ಬಿಡಲು ತೂಬು ಇಟ್ಟರು. ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಕೋಡಿ ಮಾಡಿದರು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದಕ್ಕೂ ಕೆಳಗಿನದಕ್ಕೆ. ಕೆಂಪೇಗೌಡರ ವಂಶದ ಕಾಲದ್ದೆಂದು ಹೆಸರಾದ ಹಲಸೂರು ಕೆರೆ ಈ ಸರಪಳಿಯ ಒಂದು ಕೊಂಡಿ. ಅದು ತುಂಬಿದರೆ ನೀರು ದೊಮ್ಮಲೂರು, ಚಲ್ಲಘಟ್ಟದ ಕಡೆ ಇಳಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ಪಿನಾಕಿನಿಗೆ. ಹೆಬ್ಬಾಳ ಕಣಿವೆಯಲ್ಲೂ ಅಷ್ಟೇ. ಹೆಬ್ಬಾಳ, ನಾಗವಾರದ ಕೆರೆಗಳಿಂದ ಹೊರಟ ನೀರು ಕೆ.ಆರ್.ಪುರದಾಚೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕ ಅದೇ ನದಿಯನ್ನು ಸೇರುತ್ತದೆ. ದಂಡಿನ ಪೂರ್ವ ಭಾಗದ ಯಾವ ಮೋರಿಯಾದರೂ ಈ ಎರಡರಲ್ಲಿ ಒಂದು ದಾರಿ ಹಿಡಿಯಲೇಬೇಕು.

ಸರಪಳಿ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ನೀರು ಪ್ರತಿ ಕೆರೆಯಲ್ಲೂ ನಿಂತು ಹೊರಡುತ್ತಿತ್ತು. ನಿಂತಾಗ ಹೊತ್ತು ತಂದ ಮಣ್ಣು ತಳಕ್ಕೆ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಆ ಗೋಡನ್ನು ತೆಗೆದು ಹೊಲಕ್ಕೆ ಹಾಕಿದರೆ ಗೊಬ್ಬರ, ಕುಂಬಾರನ ಕೈಗೆ ಕೊಟ್ಟರೆ ಮಡಕೆ. ಕೆರೆಯೊಳಗೆ ಸೇರಿದ್ದು ಊರಿಗೆ ಒಂದಲ್ಲ ಒಂದು ರೂಪದಲ್ಲಿ ವಾಪಸಾಗುತ್ತಿತ್ತು.

1809ರಲ್ಲಿ ಬ್ರಿಟಿಷರು ತಮ್ಮ ಸೇನೆಯನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದಾಗ ಬಿಡಾರ ಹೂಡಿದ್ದು ಹಲಸೂರಿನ ಆಸುಪಾಸಿನಲ್ಲೇ. ದಂಡು ಬೆಳೆದಂತೆ ಬಾಯಾರಿಕೆಯೂ ಬೆಳೆಯಿತು. 1882ರಲ್ಲಿ ದಂಡಿನ ನೀರಿಗಾಗಿ ಸ್ಯಾಂಕಿ ಕೆರೆ ಕಟ್ಟಲಾಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಎಂದಾದ ಮೇಲೆ ಹತ್ತಿರದ ಕೆರೆಯ ಮೇಲೆ ಯಾರಿಗೆ ಅಕ್ಕರೆ? ಕುಡಿಯುವ ನೀರಿನ ಪಾತ್ರೆಯಾಗಿದ್ದ ಕೆರೆಗಳು ನಿಧಾನವಾಗಿ ಬಚ್ಚಲ ನೀರಿನ ಪಾತ್ರೆಗಳಾದವು. ಪ್ಲಾಸ್ಟಿಕ್ ಬರುವುದಕ್ಕೆ ಎಷ್ಟೋ ಮೊದಲೇ ಅದಕ್ಕೆ ಹಾದಿ ಸಿದ್ಧವಾಗಿತ್ತು ಎನ್ನಬಹುದು.

ಪ್ಲೇಗಿನ ನಂತರ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಇಕ್ಕಟ್ಟಿನ ಕೇರಿಗಳಲ್ಲಿ ಸಾವು ಸಾಲುಹಿಡಿಯಿತು. ಕಸ, ಇಲಿ, ಗಾಳಿಬೆಳಕಿಲ್ಲದ ಮನೆ ಇವೇ ರೋಗಕ್ಕೆ ದಾರಿ ಎಂದು ಕಂಡ ಆಡಳಿತ ಹೊಸ ಬಡಾವಣೆಗಳ ಕಡೆ ಮುಖ ಮಾಡಿತು. ಅಗಲ ರಸ್ತೆ, ಬಿಡಿಬಿಡಿಯಾದ ಮನೆ, ನೇರ ಮೋರಿ, ನಡುವೆ ಉದ್ಯಾನ ಇದು ಹೊಸ ಮಾದರಿ. ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಸರ್ ಹೆಸರಿನ ಫ್ರೇಸರ್ ಟೌನ್ ಹಾಗೆ ಹುಟ್ಟಿತು. ರೈಲು ಹಾದಿಯ ಉತ್ತರಕ್ಕೆ ಹರಡಿದ ಇಂಥ ಬಡಾವಣೆಗಳ ಸಾಲಿಗೆ ರಿಚರ್ಡ್ಸ್ ಟೌನ್ ಕೂಡ ಸೇರಿತು.

ಈ ಹೆಸರಿಗೆ ಕಾರಣರಾದ ಎಫ್.ಜೆ. ರಿಚರ್ಡ್ಸ್ ದಂಡು ಪ್ರದೇಶದ ಕಲೆಕ್ಟರ್ ಆಗಿದ್ದವರು. ಸರ್ಕಾರಿ ಕೆಲಸದ ಜೊತೆಗೆ ಚರಿತ್ರೆಯ ಹುಚ್ಚನ್ನೂ ಹತ್ತಿಸಿಕೊಂಡಿದ್ದ ಅಧಿಕಾರಿ. 1909ರಲ್ಲಿ ಮಿಥಿಕ್ ಸೊಸೈಟಿ ಹುಟ್ಟಿದ್ದು ಅವರ ಆಸಕ್ತಿಯಿಂದ. 1918ರಲ್ಲಿ ಪ್ರಕಟವಾದ ಸೇಲಂ ಜಿಲ್ಲೆಯ ಗೆಜೆಟಿಯರ್ ಕೂಡ ಅವರದೇ. ಅಂದಿನ ಸೇಲಂ ಜಿಲ್ಲೆಯಲ್ಲಿ ಹೊಸೂರು, ಕೃಷ್ಣಗಿರಿ, ಧರ್ಮಪುರಿ ತಾಲ್ಲೂಕುಗಳೆಲ್ಲ ಸೇರಿದ್ದವು. ಅಂದರೆ ರಿಚರ್ಡ್ಸ್ ಟೌನಿನ ನೀರು ಪಿನಾಕಿನಿಯಾಗಿ ಹರಿದುಹೋಗುವ ಸೀಮೆಗಳು ಅವು. ತನ್ನ ಹೆಸರಿನ ಬಡಾವಣೆಗೂ ತಾನು ವರ್ಣಿಸಿದ ಜಿಲ್ಲೆಗೂ ಮುಂದೊಂದು ದಿನ ಕಸದ ಸಂಬಂಧ ಬೆಳೆಯುತ್ತದೆಂದು ಆ ಅಧಿಕಾರಿ ಕನಸಿನಲ್ಲೂ ಎಣಿಸಿರಲಾರರು.

ಏಕೆಂದರೆ ಆಗಿನ ಕಸವೇ ಬೇರೆ. ಒಲೆಯ ಬೂದಿ ಪಾತ್ರೆ ತಿಕ್ಕಲು. ತರಕಾರಿ ಸಿಪ್ಪೆ ದನಕ್ಕೆ. ಊಟ ಮುತ್ತುಗದ ಎಲೆಯ ಮೇಲೆ, ಪಲ್ಯ ಪಾಯಸ ದೊನ್ನೆಯಲ್ಲಿ. ಅಂಗಡಿಯವನು ಬೇಳೆ ಸಕ್ಕರೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿಕೊಟ್ಟರೆ, ಆ ದಾರವೂ ಮನೆಯ ಗೂಟಕ್ಕೆ ಸುತ್ತಿಕೊಳ್ಳುತ್ತಿತ್ತು. ಎಣ್ಣೆಗೆ ಮನೆಯಿಂದಲೇ ಬಾಟಲಿ ಒಯ್ಯಬೇಕು. ಹಳೆಯ ಬಟ್ಟೆ ಕೊಟ್ಟು ಪಾತ್ರೆ ಕೊಳ್ಳಬಹುದು. ಮಿಕ್ಕಿದ್ದು ಗುಜರಿಯವನಿಗೆ. ರಿಚರ್ಡ್ಸ್ ಟೌನಿಗೆ ಹತ್ತಿರದಲ್ಲೇ ಇರುವ ಪಾಟರಿ ಟೌನಿನ ಕುಂಬಾರರು ಕುಡಿಕೆ, ಹಣತೆ, ಹೂಕುಂಡ ಮಾಡುತ್ತಿದ್ದರು. ಒಡೆದ ಕುಡಿಕೆ ಮೋರಿಗೆ ಬಿದ್ದರೂ ಕೆರೆಯ ಮಣ್ಣು ಕೆರೆಗೇ ಹೋಯಿತು ಎಂಬಷ್ಟೇ ಲೆಕ್ಕ.

ಹಾಗೆಂದು ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಮಲ ಹೊರುವ ಅಮಾನುಷ ಕೆಲಸವನ್ನು ಒಂದು ವರ್ಗದ ಜನರ ತಲೆಗೆ ಕಟ್ಟಿದ್ದ ಕಾಲ ಅದು. ಪ್ಲೇಗು ಬಂದದ್ದೂ ಆಗಲೇ. ವ್ಯತ್ಯಾಸವಿದ್ದದ್ದು ಕಸದ ಆಯುಷ್ಯದಲ್ಲಿ. ಅಂದಿನದು ಕೊಳೆಯುತ್ತಿತ್ತು, ಇಲ್ಲವೇ ಬೆಲೆ ಬಾಳುತ್ತಿತ್ತು. ಕೊಳೆಯದ, ಬೆಲೆಯೂ ಇಲ್ಲದ ವಸ್ತು ಇನ್ನೂ ಮನೆಯೊಳಗೆ ಬಂದಿರಲಿಲ್ಲ.

ಕವರು ಬಂದ ಬಗೆ

ಅಂಥ ವಸ್ತು ಹುಟ್ಟಿದ್ದು ದೂರದ ಪ್ರಯೋಗಶಾಲೆಗಳಲ್ಲಿ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ವಿಜ್ಞಾನಿ ಬೇಕಲೈಟ್ ತಯಾರಿಸಿದರು. ಪೂರ್ತಿಯಾಗಿ ಮನುಷ್ಯನೇ ಮಾಡಿದ ಮೊದಲ ಪ್ಲಾಸ್ಟಿಕ್ ಅದು. 1933ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್‌ನ ಪ್ರಯೋಗಶಾಲೆಯಲ್ಲಿ, ಬೇರೇನನ್ನೋ ಹುಡುಕುತ್ತಿದ್ದಾಗ, ಮೇಣದಂಥ ಬಿಳಿಯ ವಸ್ತುವೊಂದು ಸಿಕ್ಕಿತು. ಅದೇ ಪಾಲಿಥೀನ್. 1960ರ ದಶಕದಲ್ಲಿ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್ ಅದನ್ನು ಬನಿಯನ್ನಿನ ಆಕಾರಕ್ಕೆ ಕತ್ತರಿಸಿ ಹಿಡಿಕೆಯಿರುವ ಚೀಲ ಮಾಡಿದರು. ಇಂದು ತರಕಾರಿ ಗಾಡಿಯ ಅಂಚಿಗೆ ನೇತಾಡುವ ಕವರಿನ ಮೂಲಪುರುಷ ಆ ಚೀಲವೇ.

ಭಾರತದಲ್ಲಿ 1969ರಲ್ಲಿ ಸರ್ಕಾರ ಇಂಡಿಯನ್ ಪೆಟ್ರೋಕೆಮಿಕಲ್ಸ್ ಕಾರ್ಪೊರೇಷನ್ ಸ್ಥಾಪಿಸಿತು. ಆಮದಾಗುತ್ತಿದ್ದ ಪ್ಲಾಸ್ಟಿಕ್ ದೇಶದಲ್ಲೇ ತಯಾರಾಗತೊಡಗಿತು. ಅಗ್ಗವಾಯಿತು. ತಾಮ್ರದ ಕೊಡ ಹೊರಲಾಗದ ಹೆಂಗಸಿಗೆ ಹಗುರ ಕೊಡ ಸಿಕ್ಕಿತು. ಮಳೆಯಲ್ಲಿ ನೆನೆಯುವ ಗುಡಿಸಲಿಗೆ ಹೊದಿಕೆ ಸಿಕ್ಕಿತು. ಬಾಟಲಿಯಲ್ಲಿ ಬರುತ್ತಿದ್ದ ಡೇರಿ ಹಾಲು ಪ್ಯಾಕೆಟ್ಟಿಗೆ ಬಂತು. ಬಡವನ ಬದುಕನ್ನು ಪ್ಲಾಸ್ಟಿಕ್ ಹಗುರಗೊಳಿಸಿದ್ದು ನಿಜ. ಅದನ್ನು ಮರೆತು ಬೈಯುವುದು ನ್ಯಾಯವಲ್ಲ.

ಈ ಚರಿತ್ರೆಯಲ್ಲಿ ಒಂದು ವಿಚಿತ್ರ ಕಾಕತಾಳೀಯವಿದೆ. ಭಾರತದ ಸ್ಯಾಷೆ ಕ್ರಾಂತಿಯ ಜನಕನೆಂದು ವ್ಯಾಪಾರದ ಚರಿತ್ರೆಯಲ್ಲಿ ಹೆಸರಾದವರು ಚಿನ್ನಿ ಕೃಷ್ಣನ್. ಬಾಟಲಿ ಕೊಳ್ಳಲಾಗದವರಿಗೂ ಶ್ಯಾಂಪೂ ಸಿಗಬೇಕು, ಒಂದು ಸ್ನಾನಕ್ಕೆ ಬೇಕಾದಷ್ಟನ್ನೇ ಪುಟ್ಟ ಪೊಟ್ಟಣದಲ್ಲಿ ಕೊಡಬೇಕು ಎಂಬುದು ಅವರ ವಿಚಾರ. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶ್ಯಾಂಪೂ ತಂದರು. ಇದೆಲ್ಲ ನಡೆದದ್ದು ತಮಿಳುನಾಡಿನ ಕಡಲೂರಿನಲ್ಲಿ. ದಕ್ಷಿಣ ಪಿನಾಕಿನಿ ಬಂಗಾಳ ಕೊಲ್ಲಿಗೆ ಸೇರುವುದು ಅದೇ ಕಡಲೂರಿನ ಬಳಿ. ನದಿಯ ಬಾಯಲ್ಲಿ ಹುಟ್ಟಿದ ಉಪಾಯ ದೇಶವಿಡೀ ಸುತ್ತಿತು. ಖಾಲಿ ಪೊಟ್ಟಣ ಮಾತ್ರ ನದಿಯ ತಲೆಯಿಂದ ಬಾಯಿಯತ್ತ ಹೊರಟಿತು.

ಗುಜರಿಯ ತಕ್ಕಡಿ

ಯಾವ ಪ್ಲಾಸ್ಟಿಕ್ ನೀರಿಗೆ ಬೀಳುತ್ತದೆ, ಯಾವುದು ಬೀಳುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಗುಜರಿ ಅಂಗಡಿಯ ತಕ್ಕಡಿ. ಶಿವಾಜಿನಗರದ ಗುಜರಿ ಬೀದಿಗಳು ಬೆಂಗಳೂರಿಗೆಲ್ಲ ಪ್ರಸಿದ್ಧ. ಮುರಿದ ಬಕೆಟ್ಟು, ನೀರಿನ ಬಾಟಲಿ, ತೊಳೆದು ಮಡಿಸಿಟ್ಟ ಹಾಲಿನ ಕವರು ಇವಕ್ಕೆಲ್ಲ ಗುಜರಿಯಲ್ಲಿ ಬೆಲೆಯಿದೆ. ಬೆಲೆಯಿರುವುದನ್ನು ಗೃಹಿಣಿ ಕೂಡಿಡುತ್ತಾಳೆ, ಚಿಂದಿ ಆಯುವವರು ಹೆಕ್ಕುತ್ತಾರೆ. ಆದ್ದರಿಂದ ಅವು ಮೋರಿಯಲ್ಲಿ ಕಾಣುವುದು ಕಡಿಮೆ.

ಚಿಪ್ಸ್ ಪೊಟ್ಟಣ, ಶ್ಯಾಂಪೂ ಸ್ಯಾಷೆಗಳ ಕಥೆ ಬೇರೆ. ಅವು ಒಂದೇ ಪದರದವಲ್ಲ. ಬೇರೆ ಬೇರೆ ಪ್ಲಾಸ್ಟಿಕ್ಕಿನ, ಹಲವು ವೇಳೆ ಅಲ್ಯೂಮಿನಿಯಮ್ಮಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದವು. ಒಳಗಿನ ಪದಾರ್ಥ ಕೆಡದಂತೆ ಕಾಯುವ ಈ ಗುಣವೇ ಮರುಬಳಕೆಗೆ ಶತ್ರು. ಪದರಗಳನ್ನು ಬಿಡಿಸುವುದು ಲಾಭದ ಕೆಲಸವಲ್ಲ. ತೆಳು ಕವರಿನದು ಇನ್ನೊಂದು ಕಷ್ಟ. ನೂರಾರು ಕವರು ಹೆಕ್ಕಿದರೂ 1 ಕಿಲೋ ತೂಗುವುದಿಲ್ಲ. ಇಡೀ ದಿನ ಬಗ್ಗಿ ನಡೆಯುವ ಹೆಂಗಸಿಗೆ ಅದನ್ನು ಮುಟ್ಟಿದರೆ ಕೂಲಿ ಗಿಟ್ಟುವುದಿಲ್ಲ.

ಸರ್ಕಾರದ ಪ್ಲಾಸ್ಟಿಕ್ ನಿಯಮಗಳಲ್ಲಿ ಮತ್ತೆ ಮತ್ತೆ ಬರುವ ‘ಮೈಕ್ರಾನ್’ ಎಂಬ ಮಾತಿನ ಗುಟ್ಟು ಇಲ್ಲಿದೆ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಕವರು ದಪ್ಪವಾದರೆ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದರೆ ಹೆಕ್ಕುವವರು ಸಿಗುತ್ತಾರೆ, ಅಂಗಡಿಯವನೂ ಪುಕ್ಕಟೆ ಕೊಡಲು ಹಿಂಜರಿಯುತ್ತಾನೆ ಎಂಬುದು ಲೆಕ್ಕಾಚಾರ. 1999ರ ಕೇಂದ್ರ ನಿಯಮ ಹೊಸ ಪ್ಲಾಸ್ಟಿಕ್ಕಿನ ಚೀಲಕ್ಕೆ ಕನಿಷ್ಠ 20 ಮೈಕ್ರಾನ್ ದಪ್ಪವನ್ನು ಗೊತ್ತುಮಾಡಿತು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ಕರ್ನಾಟಕ ಸರ್ಕಾರ ಇನ್ನೂ ಮುಂದೆ ಹೋಗಿ 2016ರ ಮಾರ್ಚ್‌ನಲ್ಲಿ ದಪ್ಪ ಎಷ್ಟೇ ಇರಲಿ, ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸುಗಳನ್ನೆಲ್ಲ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು.

ಆದರೆ ಆ ಪಟ್ಟಿಯಲ್ಲಿ ಶ್ಯಾಂಪೂ ಸ್ಯಾಷೆಯಿಲ್ಲ, ಚಿಪ್ಸ್ ಪೊಟ್ಟಣವಿಲ್ಲ. ಮರುಬಳಕೆಯಾಗದ ಬಹುಪದರದ ಪೊಟ್ಟಣಗಳನ್ನು 2 ವರ್ಷಗಳಲ್ಲಿ ಕೈಬಿಡಬೇಕೆಂದು 2016ರ ಕೇಂದ್ರ ನಿಯಮ ಹೇಳಿತ್ತು. 2018ರ ತಿದ್ದುಪಡಿ, ಸುಟ್ಟು ಶಾಖ ಪಡೆಯಬಹುದಾದ ಅಥವಾ ಬೇರೆ ಉಪಯೋಗವಿರುವ ಪೊಟ್ಟಣಗಳನ್ನು ಈ ಮಾತಿನಿಂದ ಹೊರಗಿಟ್ಟಿತು. ಕಾನೂನಿನ ಬಲೆಯಿಂದ ನುಸುಳಿದ್ದು ಮೋರಿಯ ಕಂಬಿಯಿಂದಲೂ ನುಸುಳಿತು.

ನಗರದ ಕಸವನ್ನು ನ್ಯಾಯಾಲಯದ ಮೆಟ್ಟಿಲೇರಿಸಿದ್ದು ಬೆಂಗಳೂರಿನವರೇ ಎಂಬುದನ್ನೂ ಇಲ್ಲಿ ನೆನೆಯಬೇಕು. ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಫಲವಾಗಿ 2000ದಲ್ಲಿ ದೇಶದ ಮೊದಲ ನಗರ ಘನತ್ಯಾಜ್ಯ ನಿಯಮಗಳು ಬಂದವು. 2011ರಲ್ಲಿ ಚಿಂದಿ ಆಯುವವರಿಗೆ ಅಂದಿನ ಬಿಬಿಎಂಪಿ ಗುರುತಿನ ಚೀಟಿ ಕೊಡತೊಡಗಿತು. 2012ರಲ್ಲಿ ಬೀದಿಬೀದಿಗಳಲ್ಲಿ ಕಸದ ರಾಶಿ ಬಿದ್ದು ನಗರ ನಾರಿದಾಗ ಹಸಿ ಕಸ, ಒಣ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ಕೆ.ಆರ್.ಪುರದಾಚೆಯ ಮಂಡೂರಿನ ಜನ ತಮ್ಮೂರಿಗೆ ಬರುತ್ತಿದ್ದ ಕಸದ ಲಾರಿಗಳ ವಿರುದ್ಧ ಹೋರಾಡಿ 2014ರ ಕೊನೆಗೆ ಅವನ್ನು ನಿಲ್ಲಿಸಿದರು. ಮಂಡೂರಿನವರು ಬಾಯಿಬಿಟ್ಟು ಕೇಳಬಲ್ಲವರಾಗಿದ್ದರು. ಕಡಲಿಗೆ ಬಾಯಿಲ್ಲ.

ಕೆರೆಯೇ ಜರಡಿ

ಮೋರಿಗೆ ಬಿದ್ದದ್ದೆಲ್ಲ ನೇರವಾಗಿ ಸಮುದ್ರ ಸೇರುವುದಿಲ್ಲ. ಬಹುಪಾಲು ದಾರಿಯಲ್ಲೇ ಸಿಕ್ಕಿಬೀಳುತ್ತದೆ. ಹಳೆಯ ಕೆರೆ ಸರಪಳಿ ಇಂದು ಮಾಡುತ್ತಿರುವ ಕೆಲಸ ಜರಡಿಯದು. ಮಳೆಗಾಲದಲ್ಲಿ ರಾಜಕಾಲುವೆ ಹೊತ್ತು ತಂದ ಕವರು, ಥರ್ಮೋಕೋಲು, ಬಾಟಲಿಗಳು ಕೆರೆಯ ಬಾಯಲ್ಲಿ ತೆಪ್ಪದಂತೆ ತೇಲುತ್ತವೆ. ಕೆಲವು ಹೂಳಿನೊಳಗೆ ಹುದುಗುತ್ತವೆ. ಒಂದು ಕಾಲಕ್ಕೆ ಹೊಲಕ್ಕೆ ಗೊಬ್ಬರವಾಗಿದ್ದ ಗೋಡಿನಲ್ಲಿ ಈಗ ಪ್ಲಾಸ್ಟಿಕ್ ಚೂರು. ಕುಂಬಾರನಿಗೂ ಅದು ಬೇಡ.

ಕೆರೆಗಳ ಕಾಯಿಲೆ ಪ್ಲಾಸ್ಟಿಕ್ಕಿನಿಂದಷ್ಟೇ ಬಂದದ್ದಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. 2015ರಲ್ಲಿ, 2017ರ ಫೆಬ್ರುವರಿಯಲ್ಲಿ, 2018ರ ಜನವರಿಯಲ್ಲಿ ಅಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಸಂಸ್ಕರಿಸದ ಒಳಚರಂಡಿ ನೀರು, ಸೋಪಿನ ಪುಡಿಯ ರಾಸಾಯನಿಕಗಳು ಇದರ ಹಿಂದಿದ್ದವು. ಆದರೆ ಮೂಲ ರೋಗ ಒಂದೇ. ಮನೆಯಿಂದ ಹೊರಗೆ ಹೋದದ್ದು ಲೋಕದಿಂದಲೇ ಹೊರಗೆ ಹೋಯಿತೆಂಬ ನಂಬಿಕೆ.

ಜರಡಿಗೂ ಒಂದು ಮಿತಿಯಿದೆ. ದೊಡ್ಡ ಮಳೆ ಬಂದಾಗ ಕೆರೆ ಕೋಡಿ ಹರಿಯುತ್ತದೆ, ತೇಲುವ ವಸ್ತು ಕೋಡಿಯನ್ನು ದಾಟುತ್ತದೆ. ಒತ್ತುವರಿಯಿಂದ ಕಿರಿದಾದ ಕಾಲುವೆಯಲ್ಲಿ ಕವರು ಸಿಕ್ಕಿಕೊಂಡರೆ ನೀರು ಮನೆಗಳಿಗೆ ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆಯ ಬಡಾವಣೆಗಳಲ್ಲಿ ಟ್ರ್ಯಾಕ್ಟರು, ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಗಿ ಬಂದುದನ್ನು ಯಾರೂ ಮರೆತಿಲ್ಲ. ಸಮುದ್ರಕ್ಕೆ ಹೋಗಲಾಗದ ಕಸ ಊರಿಗೇ ಸಮುದ್ರವನ್ನು ಕರೆತರಲು ನೆರವಾಯಿತು ಎನ್ನೋಣವೇ?

ವರ್ತೂರಿನಾಚೆ ಗಡಿ ದಾಟಿದ ಪಿನಾಕಿನಿಗೆ ಮೊದಲು ಎದುರಾಗುವುದು ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯ. ಬೆಂಗಳೂರಿನ ನೊರೆ ಅಲ್ಲಿಯೂ ಮತ್ತೆ ಮತ್ತೆ ಎದ್ದಿದೆ. ಮುಂದೆ 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟು, ತಿರುವಣ್ಣಾಮಲೈ ಜಿಲ್ಲೆಯ ಸಾತನೂರು ಅಣೆಕಟ್ಟು. ಸುಮಾರು 400 ಕಿಲೋಮೀಟರ್ ಉದ್ದದ ಈ ನದಿ ವರ್ಷದ ಬಹುಕಾಲ ಬಡಕಲಾಗಿ ಹರಿಯುತ್ತದೆ. ಕಸ ಅಲ್ಲಲ್ಲೇ ಕುಳಿತು ಕಾಯುತ್ತದೆ. ಪ್ರವಾಹ ಬಂದಾಗ ಎದ್ದು ನಡೆಯುತ್ತದೆ.

2024ರ ನವೆಂಬರ್ ಕೊನೆಯಲ್ಲಿ ‘ಫೆಂಗಲ್’ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿತು. ಕೃಷ್ಣಗಿರಿ, ತಿರುವಣ್ಣಾಮಲೈ ಕಡೆ ವಿಪರೀತ ಮಳೆಯಾಯಿತು. ಡಿಸೆಂಬರ್ ಮೊದಲಲ್ಲಿ ಸಾತನೂರಿನಿಂದ ಭಾರಿ ಪ್ರಮಾಣದ ನೀರು ಬಿಟ್ಟದ್ದರಿಂದ ವಿಳುಪ್ಪುರಂ, ಕಡಲೂರು ಜಿಲ್ಲೆಗಳ ಊರುಗಳು ಜಲಾವೃತವಾದವು. ಇಂಥ ಒಂದು ವಾರ ಎಷ್ಟೋ ವರ್ಷಗಳ ಕಸವನ್ನು ಹೊತ್ತೊಯ್ಯಬಲ್ಲದು. ಈ ನದಿಯ ಬಗ್ಗೆ ಎರಡು ರಾಜ್ಯಗಳ ನಡುವೆ ವಿವಾದವೂ ಇದೆ. 2018ರಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿನ ಮುಖ್ಯ ಜಗಳ ಎಷ್ಟು ನೀರು ಬರಬೇಕೆಂಬುದರ ಬಗ್ಗೆ. ನೀರಿನ ಜೊತೆ ಏನು ಬರಬಾರದು ಎಂಬ ಪ್ರಶ್ನೆ ಅಷ್ಟು ಜೋರಾಗಿ ಕೇಳಿಬಂದಿಲ್ಲ.

ಮೂರು ಕಡೆ ಗೋಡೆಯ ಕಡಲು

ಸಮುದ್ರ ಅಪಾರ, ಒಂದಷ್ಟು ಕಸ ಸೇರಿದರೆ ಏನಾದೀತು ಎಂಬ ವಾದ ಹಳೆಯದು. ಆದರೆ ಎಲ್ಲ ಸಮುದ್ರಗಳೂ ಒಂದೇ ಬಗೆಯವಲ್ಲ. ಸುತ್ತಲೂ ನೆಲ ಆವರಿಸಿ, ಮಹಾಸಾಗರದ ಕಡೆಗೆ ಮಾತ್ರ ಬಾಯಿ ತೆರೆದ ಕಡಲುಗಳನ್ನು ಅರೆ ಆವೃತ ಸಮುದ್ರ ಎನ್ನುತ್ತಾರೆ. ಯೂರೋಪು-ಆಫ್ರಿಕಗಳ ನಡುವಿನ ಮೆಡಿಟರೇನಿಯನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಜಿಬ್ರಾಲ್ಟರಿನ ಸುಮಾರು 14 ಕಿಲೋಮೀಟರ್ ಅಗಲದ ಜಲಸಂಧಿಯೇ ಅದಕ್ಕೆ ಮಹಾಸಾಗರದ ಬಾಗಿಲು. ಅಲ್ಲಿನ ನೀರು ಪೂರ್ತಿ ಬದಲಾಗಲು ಸುಮಾರು ಒಂದು ಶತಮಾನ ಬೇಕೆಂದು ಅಂದಾಜು. ಒಳಗೆ ಬಿದ್ದ ಪ್ಲಾಸ್ಟಿಕ್ ಒಳಗೇ ಸುತ್ತುತ್ತದೆ. ದಡದ ದೇಶಗಳು 1976ರಲ್ಲೇ ಬಾರ್ಸಿಲೋನಾದಲ್ಲಿ ಕೂಡಿ ತಮ್ಮ ಕಡಲನ್ನು ಕಾಯುವ ಒಪ್ಪಂದ ಮಾಡಿಕೊಂಡವು.

ಬಂಗಾಳ ಕೊಲ್ಲಿಯನ್ನೂ ಸಾಗರತಜ್ಞರು ಅರೆ ಆವೃತ ಎಂದೇ ಕರೆಯುತ್ತಾರೆ. ಇದರ ಬಾಯಿ ಮೆಡಿಟರೇನಿಯನ್ನಿನಷ್ಟು ಕಿರಿದಲ್ಲ, ದಕ್ಷಿಣಕ್ಕೆ ಅಗಲವಾಗಿ ತೆರೆದಿದೆ. ಆದರೆ ಪಶ್ಚಿಮಕ್ಕೆ ಭಾರತ ಮತ್ತು ಶ್ರೀಲಂಕಾ, ಉತ್ತರಕ್ಕೆ ಬಾಂಗ್ಲಾದೇಶ, ಪೂರ್ವಕ್ಕೆ ಮ್ಯಾನ್ಮಾರ್ ಹಾಗೂ ಅಂಡಮಾನ್ ನಿಕೋಬಾರ್ ದ್ವೀಪಗಳು ಗೋಡೆಯಂತೆ ನಿಂತಿವೆ. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣಾ, ಕಾವೇರಿಗಳೆಲ್ಲ ಈ ಒಂದೇ ಪಾತ್ರೆಗೆ ಬಂದು ಬೀಳುತ್ತವೆ.

ಇಲ್ಲಿನ ಪ್ರವಾಹಗಳ ಸ್ವಭಾವವೂ ವಿಶಿಷ್ಟ. ಪೆಸಿಫಿಕ್ ಸಾಗರದಲ್ಲಿ ವರ್ಷವಿಡೀ ಒಂದೇ ದಿಕ್ಕಿಗೆ ಸುತ್ತುವ ಸುಳಿಯಲ್ಲಿ ಕಸ ಸೇರಿ ದೊಡ್ಡ ತಿಪ್ಪೆಯೇ ಆಗಿದೆ. ಬಂಗಾಳ ಕೊಲ್ಲಿಯಲ್ಲಿ ಮುಂಗಾರು ಹಿಂಗಾರುಗಳ ಜೊತೆ ಪ್ರವಾಹವೂ ದಿಕ್ಕು ಬದಲಿಸುತ್ತದೆ. ಫೆಬ್ರುವರಿಯಿಂದ ಮೇವರೆಗೆ ನಮ್ಮ ಪೂರ್ವ ಕರಾವಳಿಯಲ್ಲಿ ನೀರು ಉತ್ತರಕ್ಕೆ ಹರಿದರೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದಕ್ಷಿಣಕ್ಕೆ. ಹೀಗಾಗಿ ಕಸ ನಡುಗಡಲಿನಲ್ಲಿ ಒಂದೆಡೆ ನಿಲ್ಲುವುದಿಲ್ಲ. ತೊಟ್ಟಿಲಲ್ಲಿ ಇಟ್ಟಂತೆ ಅತ್ತಿತ್ತ ತೂಗಿ, ಯಾವುದಾದರೊಂದು ದಡಕ್ಕೆ ಬಂದು ಬೀಳುತ್ತದೆ. ಪಿನಾಕಿನಿಗೆ ಪ್ರವಾಹ ಬರುವುದು ಹೆಚ್ಚಾಗಿ ಹಿಂಗಾರಿನಲ್ಲಿ, ಅಂದರೆ ನೀರು ದಕ್ಷಿಣಕ್ಕೆ ಸಾಗುವ ತಿಂಗಳುಗಳಲ್ಲಿ. ಆ ದಿಕ್ಕಿನಲ್ಲಿರುವುದು ಭಾರತ-ಶ್ರೀಲಂಕಾ ನಡುವಿನ ಆಳವಿಲ್ಲದ ಪಾಕ್ ಕೊಲ್ಲಿ. ಕಡಲಹಸುಗಳು ಮೇಯುವ ಹುಲ್ಲುಗಾವಲು ಅಲ್ಲಿದೆ. ಅವುಗಳಿಗಾಗಿಯೇ ತಮಿಳುನಾಡು 2022ರಲ್ಲಿ ಅಲ್ಲೊಂದು ಸಂರಕ್ಷಿತ ಪ್ರದೇಶ ಘೋಷಿಸಿತು.

ಬಿಸಿಲು, ಅಲೆಗಳಿಗೆ ಸಿಕ್ಕ ಪ್ಲಾಸ್ಟಿಕ್ ಕರಗುವುದಿಲ್ಲ, ಚೂರಾಗುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳಿಗೆ ಸೂಕ್ಷ್ಮ ಪ್ಲಾಸ್ಟಿಕ್ ಎಂದು ಹೆಸರು. ಬ್ರಿಟನ್ನಿನ ವಿಜ್ಞಾನಿ ರಿಚರ್ಡ್ ಥಾಂಪ್ಸನ್ 2004ರಲ್ಲಿ ಇದರತ್ತ ಲೋಕದ ಗಮನ ಸೆಳೆದರು. ಮೀನು ಅದನ್ನು ಆಹಾರವೆಂದು ನುಂಗುತ್ತದೆ. ಕೊಲ್ಲಿಯ ಮೀನು ಬೆಂಗಳೂರಿನ ಮಾರುಕಟ್ಟೆಗೂ ಬರುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಮುದ್ರಕ್ಕೆ ಪ್ಲಾಸ್ಟಿಕ್ ಒಯ್ಯುವುದು ಬೆರಳೆಣಿಕೆಯ ಮಹಾನದಿಗಳು ಮಾತ್ರ ಎಂಬ ನಂಬಿಕೆ ಕೆಲಕಾಲ ಇತ್ತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ತಿದ್ದಿತು. ನದಿಗಳಿಂದ ಕಡಲು ಸೇರುವ ಪ್ಲಾಸ್ಟಿಕ್ಕಿನ ಶೇ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳ ಪಾಲು, ನಗರಗಳ ಮಧ್ಯೆ ಹರಿಯುವ ಸಣ್ಣಪುಟ್ಟ ಹೊಳೆಗಳ ಪಾತ್ರ ದೊಡ್ಡದು ಎಂದು ಅದು ಕಂಡುಕೊಂಡಿತು. 2015ರವರೆಗೆ ಜಗತ್ತು ತಯಾರಿಸಿದ್ದು ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್. ಅದರಲ್ಲಿ ಕಸವಾದದ್ದರಲ್ಲಿ ಮರುಬಳಕೆಯಾದದ್ದು ಶೇ 9ರಷ್ಟು ಮಾತ್ರ. ಇದಕ್ಕೊಂದು ಜಾಗತಿಕ ಒಪ್ಪಂದ ಬೇಕೆಂದು 2022ರಲ್ಲಿ ನೈರೋಬಿಯಲ್ಲಿ ರಾಷ್ಟ್ರಗಳು ತೀರ್ಮಾನಿಸಿದವು. 2024ರಲ್ಲಿ ಬುಸಾನಿನಲ್ಲೂ 2025ರ ಆಗಸ್ಟಿನಲ್ಲಿ ಜಿನೀವಾದಲ್ಲೂ ಮಾತುಕತೆ ಮುರಿದುಬಿತ್ತು. ಉತ್ಪಾದನೆಗೇ ಮಿತಿ ಹಾಕಬೇಕೇ, ಕಸವನ್ನಷ್ಟೇ ನಿಭಾಯಿಸಿದರೆ ಸಾಕೇ ಎಂಬಲ್ಲಿ ಒಮ್ಮತ ಮೂಡಲಿಲ್ಲ.

ಮಳೆ ಬರುವ ದಿಕ್ಕು

ಜಿನೀವಾದಲ್ಲಿ ಒಪ್ಪಂದವಾಗುವವರೆಗೆ ರಿಚರ್ಡ್ಸ್ ಟೌನಿನ ಮೋರಿ ಕಾಯುವುದಿಲ್ಲ. ಸಮುದ್ರದಲ್ಲಿ ಚೂರಾಗಿ ಹರಡಿದ ಪ್ಲಾಸ್ಟಿಕ್ಕನ್ನು ಹೆಕ್ಕುವುದು ಮನುಷ್ಯರಿಂದ ಆಗದ ಕೆಲಸ. ಮೋರಿಯ ಬಾಯಲ್ಲಿ ಹೆಕ್ಕುವುದು ಆಗುವ ಕೆಲಸ. ಮುಂಜಾನೆ ಪೊರಕೆ ಹಿಡಿದು ಬರುವ ಪೌರಕಾರ್ಮಿಕರು, ಚೀಲ ಹೊತ್ತ ಚಿಂದಿ ಆಯುವವರು ಅದನ್ನು ಮಾಡುತ್ತಲೇ ಇದ್ದಾರೆ. ಕಡಲಿನಿಂದ ಇಷ್ಟು ದೂರದಲ್ಲಿ, ಇಷ್ಟು ಎತ್ತರದಲ್ಲಿ ದುಡಿಯುವ ಇವರನ್ನು ಬಂಗಾಳ ಕೊಲ್ಲಿಯ ಮೊದಲ ಕಾವಲುಗಾರರು ಎಂದರೆ ತಪ್ಪಾಗದು. ಬೆಲೆಯಿಲ್ಲದ ಪೊಟ್ಟಣಕ್ಕೆ ತಯಾರಿಸಿದವರಿಂದಲೇ ಬೆಲೆ ಕಟ್ಟಿಸಿ, ಆ ಹಣ ಹೆಕ್ಕುವವರ ಕೈ ಸೇರುವಂತೆ ಮಾಡಿದರೆ ಗುಜರಿಯ ತಕ್ಕಡಿ ಸ್ಯಾಷೆಯನ್ನೂ ತೂಗೀತು. ತಯಾರಕರ ಹೊಣೆಯ ಮಾತು ನಿಯಮದಲ್ಲಿದೆ. ಅದು ಬೀದಿಗೆ ಇಳಿಯಬೇಕಷ್ಟೆ.

ಅಕ್ಟೋಬರ್, ನವೆಂಬರ್‌ನಲ್ಲಿ ಬೆಂಗಳೂರಿಗೆ ಮಳೆ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಬಂಗಾಳ ಕೊಲ್ಲಿಯಿಂದ. ಅಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೋಡ ಕವಿಯುತ್ತದೆ. ಆ ಕಡಲು ಪ್ರತಿ ಹಿಂಗಾರಿನಲ್ಲಿ 900 ಮೀಟರ್ ಎತ್ತರಕ್ಕೆ ಸಿಹಿನೀರು ಕಳಿಸುತ್ತದೆ. ಅದೇ ನೀರು ರಿಚರ್ಡ್ಸ್ ಪಾರ್ಕಿನ ಮರಗಳನ್ನು ತೋಯಿಸಿ, ಮೋರಿಗಿಳಿದು, ಕೆರೆ ಕೋಡಿಗಳನ್ನು ದಾಟಿ, ಮರಳಿ ಕಡಲೂರಿನತ್ತ ಹೊರಡುತ್ತದೆ. ಬಂದಾಗ ಅದರ ಕೈ ಬರಿದಾಗಿರುತ್ತದೆ. ಹೋಗುವಾಗ ಅದು ಏನು ಹೊತ್ತು ಹೋಗಬೇಕೆಂಬುದು ಮೋರಿಯ ಈ ದಡದಲ್ಲಿ ನಿಂತವರಿಗೆ ಸೇರಿದ ಮಾತು.